ಕೈಕಸುಬಿಗೊಂದು ಇ-ಪುಸ್ತಕ: ಬಂಡವಾಳ ಸಣ್ಣದು, ಹೊಣೆ ದೊಡ್ಡದು

ಕಾಸರಗೋಡಿನ ತಳಂಗರೆ ಟೊಪ್ಪಿಗೆ ಒಂದು ಕಾಲದಲ್ಲಿ ಗಲ್ಫ್ ದೇಶಗಳವರೆಗೂ ಹೆಸರಿತ್ತು. ಹೆಂಗಸರು ಮನೆಯಲ್ಲೇ ಕೂತು ಕೈಯಿಂದ ಹೊಲಿಯುತ್ತಿದ್ದ ಟೊಪ್ಪಿ ಅದು. ಮೆಷಿನ್‌ನಲ್ಲಿ ತಯಾರಾಗುವ ಅಗ್ಗದ ಟೊಪ್ಪಿ ಮಾರ್ಕೆಟಿಗೆ ಬಂದ ಮೇಲೆ ಹೊಲಿಯುವ ಕೈಗಳು ಕಡಿಮೆಯಾದವು. ಕಾಸರಗೋಡು ಸೀರೆಗೆ ಜಿಐ ಮಾನ್ಯತೆ ಇದೆ. ಆದರೆ ಜಿಐ ಹೆಸರನ್ನು ಮಾತ್ರ ಕಾಯುತ್ತದೆ, ಕೆಲಸವನ್ನು ಕಲಿಸಿಕೊಡುವುದಿಲ್ಲ. ಟೊಪ್ಪಿ, ಕಸೂತಿ, ಕೇದಗೆ ಓಲೆಯ ಚಾಪೆ, ಮೆಹಂದಿ ಹೀಗೆ ಯಾವುದೇ ಕಸುಬಿರಲಿ, ಬಲ್ಲವರಿಗೆ ಬರೆಯುವ ಅಭ್ಯಾಸವಿಲ್ಲ, ಬರೆಯಬಲ್ಲವರಿಗೆ ಕಸುಬು ಗೊತ್ತಿಲ್ಲ.

ಈ ಇಬ್ಬರನ್ನು ಸೇರಿಸುವ ಕೆಲಸವನ್ನು ಇಂದು ಒಬ್ಬ ಯುವಕ ಅಥವಾ ಯುವತಿ ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆಯ ಮೊಬೈಲ್ ಕ್ಯಾಮೆರಾ ಇಟ್ಟುಕೊಂಡು ಶುರು ಮಾಡಬಹುದು. ಕಸುಬಿನ ಪುಸ್ತಕಕ್ಕೆ ಪುಟಪುಟಕ್ಕೂ ಬಣ್ಣದ ಚಿತ್ರ ಬೇಕು. ಅದನ್ನು ಆಫ್‌ಸೆಟ್‌ನಲ್ಲಿ ಮುದ್ರಿಸಬೇಕಾದರೆ ಒಮ್ಮೆಲೇ ನೂರಾರು ಪ್ರತಿ ಹಾಕಬೇಕು, ಹಣ ಗೋದಾಮಿನಲ್ಲಿ ಕೂರುತ್ತದೆ. ಇ-ಪುಸ್ತಕಕ್ಕೆ ಆ ತಲೆಬಿಸಿ ಇಲ್ಲ. ದುಬೈಯಲ್ಲಿರುವವರಿಗೂ ಕೊರಿಯರ್ ಖರ್ಚಿಲ್ಲದೆ ತಲುಪುತ್ತದೆ.

ಯೂಟ್ಯೂಬ್‌ನಲ್ಲಿ ಫ್ರೀಯಾಗಿ ಸಿಗುವಾಗ ಪುಸ್ತಕ ಯಾರಿಗೆ ಬೇಕು ಎಂಬ ಪ್ರಶ್ನೆ ಸಹಜ. ಕೈ ಹೇಗೆ ಓಡಬೇಕು ಎಂದು ತೋರಿಸುವುದರಲ್ಲಿ ವಿಡಿಯೊವೇ ಮೇಲು. ಆದರೆ ಅಳತೆ, ಕತ್ತರಿಸುವ ಪ್ಯಾಟರ್ನ್, ಬೇಕಾದ ಸಾಮಾನಿನ ಪಟ್ಟಿ, ಯಾವುದರ ನಂತರ ಯಾವುದು ಎಂಬ ಕ್ರಮ ಇವೆಲ್ಲ ಕಾಗದದ ಮೇಲಿದ್ದರೇ ಅನುಕೂಲ. ಇವೆರಡೂ ಸೇರಿದರೆ ಇನ್ನೂ ಒಳ್ಳೆಯದು. ಕಷ್ಟದ ಹೊಲಿಗೆ ಬರುವ ಪುಟದಲ್ಲಿ ಒಂದು ಕ್ಯುಆರ್ ಕೋಡ್ ಹಾಕಿ ಅರ್ಧ ನಿಮಿಷದ ವಿಡಿಯೊ ಕೊಟ್ಟರೆ ಸಾಕು.

ಪುಸ್ತಕ ತಯಾರಿ

ಮೊದಲ ತೊಡಕು ಅಕ್ಷರದ್ದು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಇ-ಪುಸ್ತಕಕ್ಕೆ ಹಾಕಿದರೆ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಶುರುವಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಬೇಕು. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮದಂತಹ ಫಾಂಟುಗಳು ಮುಕ್ತ ಲೈಸೆನ್ಸಿನಲ್ಲಿ ಸಿಗುತ್ತವೆ, ಹಣ ಕೊಡಬೇಕಿಲ್ಲ.

ಎರಡನೆಯದು ಪುಟದ ಅಳತೆ. ಎ4 ಗಾತ್ರದ ಪಿಡಿಎಫ್ ಮೊಬೈಲಿನಲ್ಲಿ ಓದಲಾಗದು. ಓದುಗ ಸ್ಕ್ರೀನ್ ಎಳೆದು ಎಳೆದು ಸುಸ್ತಾಗುತ್ತಾನೆ. ಕಥೆ ಕಾದಂಬರಿಗೆ ಅಕ್ಷರ ಹಿಗ್ಗಿ ಕುಗ್ಗುವ ಇಪಬ್ ಸರಿ. ಆದರೆ ಕಸುಬಿನ ಪುಸ್ತಕದಲ್ಲಿ ಚಿತ್ರವೂ ಅದರ ವಿವರಣೆಯೂ ಒಂದೇ ಪುಟದಲ್ಲಿ ನಿಲ್ಲಬೇಕು. ಹಾಗಾಗಿ ಸಣ್ಣ ಪುಟ, ದೊಡ್ಡ ಅಕ್ಷರ, ಪುಟಕ್ಕೊಂದೇ ಹಂತ ಇರುವ ಸ್ಥಿರ ವಿನ್ಯಾಸ ಒಳ್ಳೆಯದು.

ಮೂರನೆಯದು ಪ್ಯಾಟರ್ನ್. ಕತ್ತರಿಸುವ ನಮೂನೆಯನ್ನು ಓದುಗ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತಾನೆ. ಪ್ರಿಂಟರ್ ಅದನ್ನು ಸುಮ್ನೆ ಒಂದಿಷ್ಟು ಕುಗ್ಗಿಸಿಬಿಟ್ಟರೆ ಟೊಪ್ಪಿ ತಲೆಗೆ ಕೂರದು. ಅದಕ್ಕೆ ಪ್ರತಿ ನಮೂನೆಯ ಮೂಲೆಯಲ್ಲಿ 5 ಸೆಂ.ಮೀ. ಚೌಕವೊಂದನ್ನು ಬಿಡಿಸಿ, ಸ್ಕೇಲಿಟ್ಟು ಅಳೆದು ನೋಡಲು ಹೇಳಬೇಕು.

ಎಲ್ಲಕ್ಕಿಂತ ಮುಖ್ಯ ಪರೀಕ್ಷೆ. ಆ ಕಸುಬು ಗೊತ್ತಿಲ್ಲದ ಮೂವರಿಗೆ ಕರಡು ಕೊಟ್ಟು, ಯಾರೂ ಬಾಯಿಂದ ಏನೂ ಹೇಳಿಕೊಡದೆ ಮಾಡಿಸಿ ನೋಡಬೇಕು. ಅವರು ಎಲ್ಲಿ ನಿಂತರೋ ಅಲ್ಲಿ ಪುಸ್ತಕ ತಿದ್ದಬೇಕು. ಕಸುಬು ಬಲ್ಲವರು ಅತಿ ಸಣ್ಣ ಹೆಜ್ಜೆಯನ್ನು ಹೇಳಲು ಮರೆಯುತ್ತಾರೆ, ಏಕೆಂದರೆ ಅದು ಅವರ ಕೈಗೆ ತಾನಾಗಿಯೇ ಬರುತ್ತದೆ.

ಮಾರಾಟದ ಲೆಕ್ಕ

ಅಮೆಜಾನ್ 2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ 5 ಭಾರತೀಯ ಭಾಷೆಗಳನ್ನು ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆದ್ದರಿಂದ ಯಾವುದೇ ಪ್ಲಾಟ್‌ಫಾರ್ಮ್ ಆರಿಸುವ ಮೊದಲು ಅದರ ಭಾಷೆಗಳ ಪಟ್ಟಿ ನೋಡಿಕೊಳ್ಳಬೇಕು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕಗಳಿವೆ. ಮೈಲ್ಯಾಂಗ್‌ನಂತಹ ಕನ್ನಡದ್ದೇ ಆ್ಯಪ್ ಕೂಡ ಇದೆ. ಕಾಸರಗೋಡಿನವರಿಗೆ ಎರಡು ಭಾಷೆಯ ಬಲವಿದೆ. ಚಿತ್ರಗಳು ಅವೇ, ಮಾತು ಮಾತ್ರ ಬೇರೆ ಮಾಡಿ ಕನ್ನಡದಲ್ಲೊಂದು, ಮಲಯಾಳಂನಲ್ಲೊಂದು ಆವೃತ್ತಿ ತರಬಹುದು.

ರಾಯಲ್ಟಿ ದರ ನೋಡಿ ಮರುಳಾಗಬಾರದು. ಕಿಂಡಲ್‌ನಲ್ಲಿ ಶೇ. 70 ಮತ್ತು ಶೇ. 35 ಎಂಬ ಎರಡು ಆಯ್ಕೆಗಳಿವೆ. ಶೇ. 70ರಲ್ಲಿ ಫೈಲಿನ ಗಾತ್ರಕ್ಕೆ ತಕ್ಕಂತೆ ಡೆಲಿವರಿ ಶುಲ್ಕ ಕಳೆಯುತ್ತಾರೆ, ಭಾರತದಲ್ಲಿ ಎಂಬಿಗೆ 7 ರೂಪಾಯಿ ಲೆಕ್ಕ. ಚಿತ್ರ ತುಂಬಿದ 20 ಎಂಬಿ ಪುಸ್ತಕಕ್ಕೆ 199 ರೂಪಾಯಿ ಬೆಲೆ ಇಟ್ಟರೆ ಶುಲ್ಕವೇ 140 ರೂಪಾಯಿ. ಉಳಿದ 59 ರೂಪಾಯಿಯಲ್ಲಿ ಶೇ. 70 ಎಂದರೆ ಸುಮಾರು 41 ರೂಪಾಯಿ. ಶೇ. 35ರ ಆಯ್ಕೆಯಲ್ಲಿ ಈ ಶುಲ್ಕ ಇಲ್ಲ, ಅಲ್ಲಿ ಸುಮಾರು 70 ರೂಪಾಯಿ ಕೈಗೆ ಬರುತ್ತದೆ. ತೆರಿಗೆ ಬೇರೆ. ಕಡಿಮೆ ದರದಲ್ಲೇ ಹೆಚ್ಚು ಲಾಭ! ಚಿತ್ರಗಳನ್ನು ಹದವಾಗಿ ಕುಗ್ಗಿಸಿದರೆ ಲೆಕ್ಕ ಮತ್ತೆ ಬದಲಾಗುತ್ತದೆ.

ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಇದೆ: ಅದರ ಮುದ್ರಿತ ರೂಪವೂ ಇದ್ದರೆ ಶೇ. 5, ಇಲ್ಲದಿದ್ದರೆ ಶೇ. 18. ಹೀಗಾಗಿ ಡಿಜಿಟಲ್ ಪ್ರೆಸ್ಸಿನಲ್ಲಿ ಕೆಲವೇ ಪ್ರತಿ ಮುದ್ರಿಸಿಡುವುದು ಬುದ್ಧಿವಂತಿಕೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಸಾಮಾನ್ಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ತಮ್ಮ ವ್ಯಾಪಾರಕ್ಕೆ ಯಾವುದು ಅನ್ವಯ ಎಂದು ಒಮ್ಮೆ ಅಕೌಂಟೆಂಟ್ ಬಳಿ ಕೇಳಿಕೊಳ್ಳಬೇಕು. ಐಎಸ್‌ಬಿಎನ್ ಸಂಖ್ಯೆಯನ್ನು ದಿಲ್ಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಅದಕ್ಕಾಗಿ ದಲ್ಲಾಳಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ಮುದ್ರಿತ ಪ್ರತಿಗೂ ಇ-ಪುಸ್ತಕಕ್ಕೂ ಬೇರೆ ಬೇರೆ ಸಂಖ್ಯೆ ಬೇಕು.

ನೇರವಾಗಿ ಯುಪಿಐ ಮೂಲಕ ಹಣ ಪಡೆದು ಪಿಡಿಎಫ್ ಕಳಿಸಿದರೆ ಪೂರ್ತಿ ಹಣ ಕೈಗೆ ಬರುತ್ತದೆ, ಆದರೆ ಅದು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಫಾರ್ವರ್ಡ್ ಆಗುವ ಭಯವಿದೆ. ಅದನ್ನು ಪೂರ್ತಿ ತಡೆಯಲಾಗದು. ಪ್ರತಿ ಪುಟದ ಕೆಳಗೆ ಖರೀದಿದಾರರ ಹೆಸರು ಹಾಕಿ ಕಳಿಸಿದರೆ ಬಹಳ ಮಂದಿ ಹಂಚಲು ಹಿಂಜರಿಯುತ್ತಾರೆ.

ಹಕ್ಕು ಯಾರದು?

ಈ ಉದ್ಯಮದ ನಿಜವಾದ ಬಂಡವಾಳ ಲ್ಯಾಪ್‌ಟಾಪ್ ಅಲ್ಲ, ಕಲಿಸಿಕೊಡುವ ಆ ಹೆಂಗಸಿನ ಕೈ. ಹೊಲಿಗೆಯ ವಿಧಾನಕ್ಕೆ ಕಾಪಿರೈಟ್ ಇಲ್ಲ, ಯಾರು ಬೇಕಾದರೂ ಕಲಿಯಬಹುದು. ಕಾಪಿರೈಟ್ ಇರುವುದು ಬರೆದ ಮಾತಿಗೆ, ಬಿಡಿಸಿದ ಚಿತ್ರಕ್ಕೆ, ತೆಗೆದ ಫೋಟೊಗೆ. ಅಂದರೆ ಮಾತನ್ನು ಬರೆದುಕೊಂಡು ಫೋಟೊ ತೆಗೆದವನು ಕಾಗದದ ಮೇಲೆ ಮಾಲೀಕನಾಗಿ, ನಲವತ್ತು ವರ್ಷದ ಅನುಭವ ಕೊಟ್ಟವಳು 'ಕೃತಜ್ಞತೆಗಳು' ಪುಟದಲ್ಲಿ ಒಂದು ಸಾಲಾಗಿ ಉಳಿಯುವ ಅಪಾಯ ಇಲ್ಲಿದೆ. ಕಾನೂನು ತಾನಾಗಿಯೇ ಇದನ್ನು ಸರಿ ಮಾಡುವುದಿಲ್ಲ. ಪ್ರಕಾಶಕನೇ ಮಾಡಬೇಕು.

ಮುಖಪುಟದಲ್ಲಿ ಲೇಖಕಿಯಾಗಿ ಅವರ ಹೆಸರಿರಲಿ. ಫೋಟೊ ತೆಗೆಸಲು ಕಳೆದ ದಿನಗಳಿಗೆ ಕೂಲಿ ಮೊದಲೇ ಕೊಡಬೇಕು, ಮಾರಾಟದಲ್ಲಿ ಪಾಲು ಬೇರೆ. ಎಲ್ಲವನ್ನೂ ಬರೆದು ಸಹಿ ಮಾಡಿಸಿ, ಅವರಿಗೆ ಓದಿ ಹೇಳಿ ಒಂದು ಪ್ರತಿ ಕೊಡಬೇಕು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಲೆಕ್ಕ. ಗಲ್ಫ್‌ನಲ್ಲಿ ಮಾರುವ ಉದ್ದೇಶವಿದ್ದರೆ ಅದನ್ನೂ ಬರೆದಿರಬೇಕು. ಲೇಖಕರ ಕಾಲಾನಂತರವೂ ಕಾಪಿರೈಟ್ 60 ವರ್ಷ ಉಳಿಯುವುದರಿಂದ, ಮುಂದೆ ಪಾಲು ಯಾರಿಗೆ ಎಂಬುದೂ ಕರಾರಿನಲ್ಲಿ ಇರಲಿ.

ಒಂದು ಕಸುಬು, ನಲವತ್ತು ಪುಟ, ಒಂದೇ ಪುಸ್ತಕ. ಶುರು ಮಾಡಲು ಇಷ್ಟೇ ಸಾಕು. ಮೊದಲ ಮೂರು ತಿಂಗಳ ಲೆಕ್ಕವನ್ನು ಕಸುಬುದಾರರ ಮನೆಗೇ ಹೋಗಿ ಒಪ್ಪಿಸಿ, ಪಾಲಿನ ಹಣವನ್ನು ಅವರ ಕೈಗೆ ಕೊಟ್ಟರೆ, ಎರಡನೇ ಪುಸ್ತಕಕ್ಕೆ ಪಕ್ಕದ ಮನೆಯವರೇ ಕರೆಯುತ್ತಾರೆ.