ಅರಳುಮರಳೆಂಬ ಮಾತೂ ಮಿದುಳಿನ ಬೇನೆಯೂ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಗಾದೆಗಳಲ್ಲಿ ಅನುಭವದ ಸಾರವಿರುವುದು ದಿಟ; ಆದರೆ ಈ ಗಾದೆಯಿಂದ ನಮ್ಮ ಮನೆಗಳಿಗೆ ಉಪಕಾರಕ್ಕಿಂತ ಅಪಕಾರವೇ ಅಧಿಕವಾಗಿರುವುದು. ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೆ, ಉಂಡ ಊಟವನ್ನು ಉಣ್ಣಲಿಲ್ಲವೆಂದರೆ, ನಿತ್ಯವೂ ತಿರುಗಾಡಿದ ಕಾಫಿತೋಟದಲ್ಲಿ ದಾರಿತಪ್ಪಿದರೆ, ನಾವು ಗಾದೆಯನ್ನು ನೆನೆದು ನಕ್ಕು ಸುಮ್ಮನಾಗುವೆವು. ವೈದ್ಯರನ್ನು ಕಾಣತಕ್ಕ ಕಾಲವು ಆ ನಗುವಿನಲ್ಲಿಯೇ ಕಳೆದುಹೋಗುವುದು. ಅರವತ್ತರ ಹೊಸ್ತಿಲಲ್ಲಿ ನಿಂತಿರುವ ಈ ಲೇಖಕನಿಗೆ ಗಾದೆಯನ್ನು ವಿಚಾರಿಸುವ ಅಧಿಕಾರವುಂಟೆಂದು ವಾಚಕ ಮಹಾಶಯರು ಒಪ್ಪುವರೆಂದು ನಂಬುವೆನು.

ಮೊದಲು ಲೆಕ್ಕವನ್ನು ನೋಡೋಣ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದರ ಪ್ರಕಾರ ಅರವತ್ತು ಮೀರಿದವರಲ್ಲಿ ಡಿಮೆನ್ಷಿಯಾ ಎಂಬ ಸ್ಮೃತಿಭ್ರಂಶವು ಶೇಕಡ 7.4 ಮಂದಿಗೆ ಮಾತ್ರ ಇರುವುದು. ಅಂದರೆ ನೂರರಲ್ಲಿ ತೊಂಬತ್ತೆರಡು ಮಂದಿಯ ವಿಷಯದಲ್ಲಿ ಗಾದೆಯು ಸುಳ್ಳು. ಆದರೂ ದೇಶದಲ್ಲಿ ರೋಗಿಗಳ ಸಂಖ್ಯೆ ಸುಮಾರು 88 ಲಕ್ಷವಾಗುವುದರಿಂದ ವಿಷಯವು ಅಲ್ಪವಾದುದಲ್ಲ. ಇದು ಮುಪ್ಪಿನ ಸಹಜ ಧರ್ಮವಲ್ಲ, ಮಿದುಳಿನ ರೋಗ. 1906ರಲ್ಲಿ ಜರ್ಮನಿಯ ವೈದ್ಯ ಆಲ್ಜೈಮರ್ ಎಂಬವರು, 55ನೆಯ ವಯಸ್ಸಿನಲ್ಲಿ ತೀರಿಕೊಂಡ ರೋಗಿಣಿಯೊಬ್ಬಳ ಮಿದುಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಅಲ್ಲಿ ಅಸಹಜವಾದ ಗಂಟುಗಳನ್ನೂ ಕಲೆಗಳನ್ನೂ ಕಂಡರು. ಆಕೆಗೆ ಅರವತ್ತೇ ಆಗಿರಲಿಲ್ಲವೆಂಬುದನ್ನು ಗಮನಿಸಬೇಕು.

ಈ ರೋಗದ ಪರಿಶೋಧನೆಯಲ್ಲಿ ನಮ್ಮ ನಾಡು ಹಿಂದೆ ಬಿದ್ದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಿದುಳುಗಳ ಭಂಡಾರವೊಂದಿದ್ದು, ಮೃತರ ಬಂಧುಗಳು ದಾನವಾಗಿತ್ತ ಮಿದುಳುಗಳನ್ನು ಅಧ್ಯಯನಕ್ಕಾಗಿ ಕಾಪಿಟ್ಟಿರುವರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು, ಸ್ಥಾಪಕ ನಿರ್ದೇಶಕಿ ವಿಜಯಲಕ್ಷ್ಮಿ ರವೀಂದ್ರನಾಥರ ಮುಂದಾಳುತನದಲ್ಲಿ, 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ದೀರ್ಘಕಾಲದ ಕಾರ್ಯವನ್ನು ಆರಂಭಿಸಿತು. 45 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಹತ್ತು ಸಾವಿರ ಗ್ರಾಮಸ್ಥರನ್ನು ಕಾಲಕಾಲಕ್ಕೆ ಪರೀಕ್ಷಿಸಿ, ರೋಗವು ಯಾರಲ್ಲಿ, ಯಾವಾಗ, ಏತರಿಂದ ತಲೆಯೆತ್ತುವುದೆಂದು ಅರಿಯುವುದೇ ಅದರ ಗುರಿ.

ಉಪಾಧ್ಯಾಯವೃತ್ತಿಯವನಾದ ನನಗೆ ಇಲ್ಲಿ ಒಂದಂಶವು ವಿಶೇಷವಾಗಿ ಹಿಡಿಸಿತು. ಪಾಶ್ಚಾತ್ಯರ ಸ್ಮರಣಪರೀಕ್ಷೆಗಳಲ್ಲಿ ವಾಕ್ಯವನ್ನು ಬರೆಯೆನ್ನುವುದುಂಟು. ಅಕ್ಷರವನ್ನೇ ಕಲಿಯದ ಮುದುಕಿಗೆ ಈ ಪ್ರಶ್ನೆಯನ್ನಿತ್ತು, ಉತ್ತರ ಬಾರದಿದ್ದರೆ ರೋಗವೆನ್ನುವುದು ನ್ಯಾಯವೆ? ಇದನ್ನರಿತು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಿಗೆ ಒಗ್ಗುವ ಪರೀಕ್ಷೆಗಳನ್ನು ಸಿದ್ಧಪಡಿಸಿರುವುದು.

ಈಗ ನಿಮ್ಹಾನ್ಸಿನಲ್ಲಿರುವ ಡಾಕ್ಟರ್ ಸುವರ್ಣಾ ಅಲ್ಲಾಡಿಯವರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ, 2013ರಲ್ಲಿ ಪ್ರಕಟಿಸಿದ ಫಲಿತಾಂಶವು ಕೊಡಗಿನವರಾದ ನಮಗೆ ಹೃದ್ಯವಾದುದು. ಒಂದಕ್ಕಿಂತ ಹೆಚ್ಚು ಭಾಷೆಗಳನ್ನಾಡುವವರಲ್ಲಿ ರೋಗವು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತಂತೆ, ನಿರಕ್ಷರಿಗಳಲ್ಲಿಯೂ ಹೀಗೆಯೇ. ಎಲ್ಲ ದೇಶಗಳ ಪರಿಶೋಧನೆಗಳೂ ಇದನ್ನು ಸಮರ್ಥಿಸಿಲ್ಲವಾದಕಾರಣ ಸಿದ್ಧಾಂತವೆನ್ನಲಾಗದು. ಆದರೂ ಕೊಡವತಕ್ಕ್, ಅರೆಭಾಷೆ, ತುಳು, ಮಲೆಯಾಳ, ಕನ್ನಡಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ನಾಡಿನಲ್ಲಿ, ಮಕ್ಕಳಿಗೆ ಮನೆಮಾತನ್ನು ಬಿಡಿಸಿ ಇಂಗ್ಲಿಷನ್ನಷ್ಟೇ ಕಲಿಸುವ ತಂದೆತಾಯಿಗಳು ಯೋಚಿಸತಕ್ಕ ಮಾತಿದು.

ಇನ್ನು ಗೃಹಸ್ಥರ ಕರ್ತವ್ಯವೇನು? ಪುತ್ತರಿಗೆ ಒಕ್ಕದವರೆಲ್ಲ ಐನ್‌ಮನೆಯಲ್ಲಿ ಕೂಡಿದಾಗ ಹಿರಿಯರ ನಡೆನುಡಿಗಳಲ್ಲಿ ವ್ಯತ್ಯಾಸವಾಗಿದೆಯೆ ಎಂದು ಗಮನಿಸಿರಿ. ಕನ್ನಡಕವನ್ನೆಲ್ಲಿಟ್ಟೆನೆಂದು ಮರೆಯುವುದು ಸಾಮಾನ್ಯ; ಕೂಲಿಯ ಲೆಕ್ಕವನ್ನು ಬಹುಕಾಲ ತಪ್ಪದೆ ಇಟ್ಟವರಿಗೆ ಆ ಲೆಕ್ಕವೇ ತಿಳಿಯದಾದರೆ ತಡಮಾಡಬೇಡಿರಿ. ಥೈರಾಯ್ಡಿನ ಕೊರತೆ, ಬಿ12 ಜೀವಸತ್ತ್ವದ ಅಭಾವ, ಮನಸ್ಸಿನ ಖಿನ್ನತೆ, ಕೆಲವು ಔಷಧಿಗಳು, ಇವುಗಳಿಂದಲೂ ಮರೆವು ಬರುವುದುಂಟು; ಚಿಕಿತ್ಸೆಯಿಂದ ಅದು ಬಹುಮಟ್ಟಿಗೆ ಇಳಿಯಬಹುದು. ಗಾದೆಯನ್ನು ನಂಬಿ ಕುಳಿತವರಿಗೆ ಈ ಲಾಭವಿಲ್ಲ.

ಆಲ್ಜೈಮರ್ ರೋಗವನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲ. ಆದರೆ 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞಮಂಡಲಿಯು ಹದಿನಾಲ್ಕು ಕಾರಣಗಳನ್ನೆಣಿಸಿ, ಅವುಗಳನ್ನೆಲ್ಲ ನೀಗಿದರೆ ಲೋಕದ ಸ್ಮೃತಿಭ್ರಂಶದಲ್ಲಿ ಸುಮಾರು ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದಿತು. ರಕ್ತದೊತ್ತಡ, ಮಧುಮೇಹ, ಹೊಗೆಬತ್ತಿ, ಅತಿಯಾದ ಮದ್ಯ, ಕಿವುಡು, ಒಂಟಿತನ ಇವು ಅವುಗಳಲ್ಲಿ ಕೆಲವು. ಮಕ್ಕಳೆಲ್ಲ ಬೆಂಗಳೂರನ್ನೋ ಪರದೇಶವನ್ನೋ ಸೇರಿ, ಮಳೆಗಾಲದ ಉದ್ದಕ್ಕೂ ತೋಟದ ಮನೆಯಲ್ಲಿ ಇಬ್ಬರೇ ಮುದುಕರು ಉಳಿಯುವ ನಮ್ಮಲ್ಲಿ ಒಂಟಿತನವು ಸಣ್ಣ ಕಾರಣವಲ್ಲ.

ರೋಗವು ನಿಶ್ಚಯವಾದ ಮೇಲೆ ಅದನ್ನು ನೆರೆಯವರಿಂದ ಬಚ್ಚಿಡಬಾರದು. ತೋಟದಲ್ಲಿ ಆನೆ, ಅಂಗಳದಾಚೆ ಕೆರೆ ಇರುವ ಊರಿನಲ್ಲಿ ಹಿರಿಯರೊಬ್ಬರೇ ಹೊರಟರೆ ಹಿಂದಕ್ಕೆ ಕರೆತರುವವರು ನೆರೆಯವರೇ. ಉಯಿಲು ದಸ್ತಾವೇಜುಗಳನ್ನು ಬುದ್ಧಿ ಸ್ಥಿರವಾಗಿರುವಾಗಲೇ ಮುಗಿಸುವುದು ಲೇಸು. ‘ನಾನಾರು ಹೇಳಿರಿ’ ಎಂದು ಅವರನ್ನು ಪರೀಕ್ಷಿಸದೆ, ನಿಮ್ಮ ಹೆಸರನ್ನು ನೀವೇ ಹೇಳಿಕೊಳ್ಳಿರಿ. ಎಲ್ಲಕ್ಕಿಂತ ಮಿಗಿಲಾಗಿ, ಹಗಲಿರುಳೂ ಶುಶ್ರೂಷೆ ಮಾಡುವ ಮಡದಿಗೋ ಸೊಸೆಗೋ ವಾರದಲ್ಲೊಂದು ದಿನವಾದರೂ ಬಿಡುವಾಗುವಂತೆ ಉಳಿದವರು ಸರದಿಯನ್ನು ಹೊರಬೇಕು. ಹಿರಿಯರ ಸಹಾಯಕ್ಕಾಗಿ 14567, ಮನಸ್ಸಿನ ಬಳಲಿಕೆಗಾಗಿ 14416 ಎಂಬ ಸರಕಾರದ ದೂರವಾಣಿಗಳುಂಟು.

ಚರಕಸಂಹಿತೆಯು ಧೀ, ಧೃತಿ, ಸ್ಮೃತಿಗಳನ್ನು ಬೇರೆಬೇರೆಯಾಗಿ ಎಣಿಸುವುದು. ಸ್ಮೃತಿಯು ಮಾಸಿದವರಿಗೂ ಆದರವಾವುದು, ತಿರಸ್ಕಾರವಾವುದು ಎಂಬುದು ಬಹುಕಾಲ ತಿಳಿಯುವುದು. ನಮ್ಮ ಹೆಸರನ್ನು ಅವರು ಮರೆಯಬಹುದು. ಅವರು ಯಾರೆಂಬುದನ್ನು ನಾವು ಮರೆಯದಿರುವುದೇ ಗೃಹಸ್ಥಧರ್ಮ.