ಸಣ್ಣ ಕಂಪೆನಿಗಳೂ ಸಾರ್ವಜನಿಕ ಷೇರುಗಳೂ

ಬೆಂಗಳೂರಿನ ಪೀಣ್ಯದಲ್ಲಾಗಲಿ, ಬೆಳಗಾವಿಯ ಎರಕದ ಕಾರ್ಖಾನೆಗಳ ನಡುವಿನಲ್ಲಾಗಲಿ, ಅಣ್ಣತಮ್ಮಂದಿರೋ ತಂದೆಮಕ್ಕಳೋ ಕೂಡಿ ನಡೆಸತಕ್ಕ ಸಣ್ಣ ಕಂಪೆನಿಗಳು ಅನೇಕವಾಗಿವೆ. ಹತ್ತು ಹದಿನೈದು ವರ್ಷ ದುಡಿದು, ನಾಲ್ಕು ಮಂದಿ ಗಿರಾಕಿಗಳ ವಿಶ್ವಾಸವನ್ನು ಸಂಪಾದಿಸಿದ ಮೇಲೆ, ಇಂಥ ಕಂಪೆನಿಯ ಯಜಮಾನನ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಬೇಡಿಕೆ ಇದೆ, ಕೆಲಸಗಾರರಿದ್ದಾರೆ, ಹೊಸ ಯಂತ್ರಗಳಿಗೆ ಮಾತ್ರ ಹಣವಿಲ್ಲ. ಮನೆಯವರ ಕೈ ಬರಿದಾಗಿದೆ. ಬ್ಯಾಂಕಿನವರು ಇನ್ನೂ ಹೆಚ್ಚಿನ ಆಧಾರವನ್ನು ಕೇಳುತ್ತಾರೆ. ಹೀಗಿರುವಾಗ ಷೇರುಗಳನ್ನು ಜನಗಳಿಗೆ ಮಾರಿ ಬಂಡವಾಳವನ್ನು ಕೂಡಿಸಬಹುದಲ್ಲವೆ?

ಹಿಂದೆ ಈ ಪ್ರಶ್ನೆ ದೊಡ್ಡ ಕಂಪೆನಿಗಳಿಗೆ ಮಾತ್ರ ಸಲ್ಲುತ್ತಿತ್ತು. 2012ರಲ್ಲಿ ಮುಂಬಯಿಯ ಎರಡು ಷೇರುಪೇಟೆಗಳೂ ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿಯೇ ಪ್ರತ್ಯೇಕವಾದ ವಿಭಾಗಗಳನ್ನು ತೆರೆದುವು. ಅಂದಿನಿಂದ ಯಜಮಾನನು ಈ ಪ್ರಶ್ನೆಯನ್ನು ತಾನಾಗಿ ಕೇಳಿಕೊಳ್ಳಬೇಕಾದ ಶ್ರಮವೂ ತಪ್ಪಿದೆ. ಸಲಹೆಗಾರರೇ ಬಾಗಿಲಿಗೆ ಬಂದು ಕೇಳುತ್ತಾರೆ. ಈ ಷೇರುಗಳನ್ನು ಕೊಳ್ಳತಕ್ಕವರಲ್ಲಿ ನಗರಗಳ ಸಂಬಳಗಾರರೂ ವಿಶ್ರಾಂತಿವೇತನದವರೂ ಅನೇಕರಿರುವುದರಿಂದ, ವಿಷಯವು ಯಜಮಾನರಿಗೆ ಮಾತ್ರ ಸೇರಿದ್ದಲ್ಲ.

ಮೊದಲು ಮಾತಿನ ಅರ್ಥವನ್ನು ತಿಳಿದುಕೊಳ್ಳೋಣ. ಖಾಸಗಿ ಕಂಪೆನಿಯೆಂಬುದು ಬೇಲಿ ಹಾಕಿದ ತೋಟವಿದ್ದಂತೆ. 2013ರ ಕಂಪೆನಿ ಶಾಸನದ ಪ್ರಕಾರ ಅದರ ಸದಸ್ಯರು 200ಕ್ಕೆ ಮೀರಕೂಡದು. 1956ರ ಶಾಸನದಲ್ಲಿ ಈ ಮಿತಿ 50 ಆಗಿತ್ತು. ಷೇರುಗಳನ್ನು ಹೊರಗಿನವರಿಗೆ ಮನಬಂದಂತೆ ವರ್ಗಾಯಿಸುವಂತಿಲ್ಲ. ಷೇರು ಕೊಳ್ಳಿರೆಂದು ಜನಗಳನ್ನು ಕರೆಯುವಂತೆಯೂ ಇಲ್ಲ. ಸಾರ್ವಜನಿಕ ಕಂಪೆನಿಗೆ ಕಡಮೆಯೆಂದರೆ 7 ಮಂದಿ ಸದಸ್ಯರೂ 3 ಮಂದಿ ಡೈರೆಕ್ಟರುಗಳೂ ಇರಬೇಕು. ಸದಸ್ಯರ ಸಂಖ್ಯೆಗೆ ಮೇಲ್ಮಿತಿಯಿಲ್ಲ. ಕಂಪೆನಿಯು ಹೆಸರಿಗೆ ಸಾರ್ವಜನಿಕವಾಗುವುದು ಒಂದು ಹೆಜ್ಜೆ, ಅದರ ಷೇರುಗಳು ಪೇಟೆಯ ಪಟ್ಟಿಯಲ್ಲಿ ಸೇರುವುದು ಬೇರೊಂದು ಹೆಜ್ಜೆ. ನಾವು ಇಲ್ಲಿ ಹೇಳುವುದೆಲ್ಲ ಎರಡನ್ನೂ ಇಟ್ಟ ಕಂಪೆನಿಯ ವಿಚಾರ.

ಲೆಕ್ಕವನ್ನು ಒಂದು ಕಲ್ಪಿತ ನಿದರ್ಶನದಿಂದ ನೋಡುವುದು ಸುಲಭ. ಒಂದು ಮನೆತನದ ಕಂಪೆನಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಲಾಭವಿದೆಯೆಂದೂ, ಕೊಳ್ಳುವವರು ಆ ಲಾಭದ ಹದಿನೈದರಷ್ಟು, ಎಂದರೆ 30 ಕೋಟಿ, ಬೆಲೆ ಕಟ್ಟಿದರೆಂದೂ ಇಟ್ಟುಕೊಳ್ಳೋಣ. ಯಂತ್ರಗಳಿಗೆ 10 ಕೋಟಿ ಬೇಕು. ಅಷ್ಟಕ್ಕೆ ಹೊಸ ಷೇರುಗಳನ್ನು ಮಾರಿದರೆ ಕಂಪೆನಿಯ ಒಟ್ಟು ಬೆಲೆ 40 ಕೋಟಿಯಾಗಿ, ಹೊರಗಿನವರ ಪಾಲು ಕಾಲುಭಾಗವಾಗುತ್ತದೆ. ಅದೇ ಹಣವನ್ನು ನೂರಕ್ಕೆ 11ರ ಬಡ್ಡಿಯಲ್ಲಿ ಸಾಲ ತಂದರೆ ಮೊದಲ ವರ್ಷದ ಬಡ್ಡಿಯೇ 1 ಕೋಟಿ 10 ಲಕ್ಷ. ಈಗಿನ ಲಾಭದ ಅರ್ಧಕ್ಕಿಂತ ಹೆಚ್ಚು ಭಾಗ ಅದಕ್ಕೇ ಹೋಯಿತು. ಷೇರಿನ ಹಣಕ್ಕೆ ಬಡ್ಡಿಯಿಲ್ಲ, ವಾಯಿದೆಯಿಲ್ಲ, ಕಾರ್ಖಾನೆಯನ್ನು ಅಡವಿಡಬೇಕಾಗಿಲ್ಲ. ಇಲ್ಲಿಯವರೆಗೆ ಸಲಹೆಗಾರನ ಮಾತು ಸರಿಯೇ.

ಆದರೆ ಸಾಲವು ತೀರುತ್ತದೆ, ಪಾಲು ತೀರುವುದಿಲ್ಲ. ಹತ್ತು ವರ್ಷಗಳಲ್ಲಿ ಲಾಭವು 8 ಕೋಟಿಗೆ ಏರಿದರೆ, ಅದರಲ್ಲಿ 2 ಕೋಟಿ ವರ್ಷವರ್ಷವೂ ಹೊರಗಿನವರದು. ಮಕ್ಕಳ ಕಾಲಕ್ಕೂ ಮೊಮ್ಮಕ್ಕಳ ಕಾಲಕ್ಕೂ ಅವರದೇ. ಉದ್ಯಮವು ಚೆನ್ನಾಗಿ ಬೆಳೆದೀತೆಂಬ ಭರವಸೆ ಎಷ್ಟು ಹೆಚ್ಚೋ ಷೇರಿನ ಹಣವೂ ಅಷ್ಟು ದುಬಾರಿ. ಬದಲಿಗೆ ಕೆಲಸವು ಅನಿಶ್ಚಿತವಾಗಿದ್ದರೆ, ಒಂದು ಕೆಟ್ಟ ವರ್ಷದಲ್ಲಿ ಬ್ಯಾಂಕಿನ ಕಂತು ಕಾರ್ಖಾನೆಗೆ ಬೀಗ ಹಾಕಿಸೀತು. ಷೇರುದಾರನು ನಷ್ಟದಲ್ಲಿ ತನ್ನ ಪಾಲನ್ನು ಹೊರುತ್ತಾನೆ. ಆದ್ದರಿಂದ ತಿಳಿದ ದಾರಿಯಲ್ಲಿ ನಡೆಯುವ ಕೆಲಸಕ್ಕೆ ಸಾಲವೂ, ತಿಳಿಯದ ದಾರಿಯ ದೊಡ್ಡ ಹೆಜ್ಜೆಗೆ ಪಾಲೂ ಒಪ್ಪುತ್ತವೆಂದು ನಮ್ಮ ಅಭಿಪ್ರಾಯ. ದಿನನಿತ್ಯದ ಕಚ್ಚಾ ಸಾಮಗ್ರಿಯ ಖರ್ಚಿಗಾಗಿ ಷೇರು ಮಾರುವುದು ಹೊಲದ ಒಂದು ಮೂಲೆಯನ್ನು ಮಾರಿ ಬಿತ್ತನೆ ಬೀಜ ತಂದಂತೆ.

ಬೆಂಗಳೂರಿಗೆ ಹತ್ತಿರದ ಒಂದು ಉದಾಹರಣೆ ಇದನ್ನು ಸ್ಪಷ್ಟಪಡಿಸೀತು. ಇನ್ಫೋಸಿಸ್ ಕಂಪೆನಿಯನ್ನು 1981ರಲ್ಲಿ ಏಳು ಮಂದಿ ಇಂಜಿನಿಯರುಗಳು 10,000 ರೂಪಾಯಿಗಳ ಬಂಡವಾಳದಿಂದ ಪುಣೆಯಲ್ಲಿ ಪ್ರಾರಂಭಿಸಿದರು. 1983ರಲ್ಲಿ ಅದು ಬೆಂಗಳೂರಿಗೆ ಬಂದಿತು. ಅದಕ್ಕೆ ಹೇಳಿಕೊಳ್ಳುವಂಥ ಭೂಮಿಯಿಲ್ಲ, ಯಂತ್ರವಿಲ್ಲ; ಇದ್ದದ್ದು ಜನರ ಬುದ್ಧಿ. ಅಡವಿಗೆ ಇಟ್ಟುಕೊಳ್ಳಲು ವಸ್ತುವಿಲ್ಲದ ಕಡೆ ಬ್ಯಾಂಕು ಸಾಲಕ್ಕೆ ಹಿಂದೆಗೆಯುವುದು ಸಹಜ. ಅಂದಿನ ಕಾಲದಲ್ಲಿ ಹೊಸ ಷೇರಿನ ಬೆಲೆಯನ್ನು ಗೊತ್ತುಮಾಡುತ್ತಿದ್ದವನು ಕೇಂದ್ರ ಸರ್ಕಾರದ ನಿಯಂತ್ರಣಾಧಿಕಾರಿ. 1947ರ ಬಂಡವಾಳ ನಿಯಂತ್ರಣ ಶಾಸನವು 1992ರಲ್ಲಿ ರದ್ದಾಗಿ, ಕಂಪೆನಿಗಳು ತಮ್ಮ ಬೆಲೆಯನ್ನು ತಾವೇ ಹೇಳುವ ಸ್ವಾತಂತ್ರ್ಯ ಬಂದಿತು. ಇನ್ಫೋಸಿಸ್ 1993ರ ಫೆಬ್ರವರಿಯಲ್ಲಿ ಷೇರೊಂದಕ್ಕೆ 95 ರೂಪಾಯಿಯಂತೆ ಜನಗಳ ಮುಂದೆ ಬಂದಿತು. ಮುಂದಿನ ಕಥೆಯನ್ನು ಬಲ್ಲವರು ಆಶ್ಚರ್ಯಪಡಬಹುದು: ಆ ಷೇರುಗಳೆಲ್ಲವನ್ನೂ ಕೊಳ್ಳಲು ಸಾಕಷ್ಟು ಜನ ಬರಲಿಲ್ಲ. ಮಿಕ್ಕದ್ದನ್ನು ಒಂದು ವಿದೇಶೀ ಹಣಕಾಸು ಸಂಸ್ಥೆ ಕೊಂಡಿತು. 1999ರಲ್ಲಿ ಅದೇ ಕಂಪೆನಿಯು ಅಮೆರಿಕದ ನ್ಯಾಸ್‌ಡ್ಯಾಕ್ ಪೇಟೆಯ ಪಟ್ಟಿಗೆ ಸೇರಿತು. ಭಾರತದ ಕಂಪೆನಿಗಳಲ್ಲಿ ಅದೇ ಮೊದಲನೆಯದು. ಇಲ್ಲಿ ಷೇರು ಮಾರಾಟವು ಸರಿಯಾದ ಕೆಲಸವಾಗಿತ್ತು, ಏಕೆಂದರೆ ಬೇರೆ ದಾರಿಯು ಕಿರಿದಾಗಿತ್ತು, ಹಣಕ್ಕೆ ಕಾದಿದ್ದ ಕೆಲಸವೂ ಇತ್ತು.

ಇಂಥ ಒಂದು ಕಂಪೆನಿಯನ್ನು ತೋರಿಸಿ, ನೀವೂ ಹೀಗೆಯೇ ಆಗುವಿರಿ ಎಂದು ಹೇಳುವವರನ್ನು ಮಾತ್ರ ನಂಬತಕ್ಕದ್ದಲ್ಲ. 1992ರ ತರುವಾಯದ ಕೆಲವು ವರ್ಷಗಳಲ್ಲಿ ಷೇರು ಮಾರಿ ಹಣ ಕೂಡಿಸಿದ ಕಂಪೆನಿಗಳ ಪೈಕಿ 200ಕ್ಕೂ ಮೇಲ್ಪಟ್ಟವನ್ನು ಸರ್ಕಾರವೇ ಕಣ್ಮರೆಯಾದ ಕಂಪೆನಿಗಳೆಂದು ಗುರುತಿಸಬೇಕಾಯಿತು. ವಿಳಾಸಕ್ಕೆ ಹೋಗಿ ನೋಡಿದರೆ ಕಛೇರಿಯಿಲ್ಲ, ಬರೆದ ಪತ್ರಕ್ಕೆ ಉತ್ತರವಿಲ್ಲ.

ಯಜಮಾನರು ಸಾಮಾನ್ಯವಾಗಿ ಹೆದರುವುದು ಒಡೆತನ ಕೈತಪ್ಪೀತೆಂದು. ಈ ಭಯವು ಅಷ್ಟಾಗಿ ಯುಕ್ತವಲ್ಲ. ಪಟ್ಟಿಯಲ್ಲಿ ಸೇರಿದ ಕಂಪೆನಿಯಲ್ಲಿಯೂ ಸ್ಥಾಪಕರು ನೂರಕ್ಕೆ 75ರವರೆಗೆ ಇಟ್ಟುಕೊಳ್ಳಬಹುದು. ಸಾಮಾನ್ಯ ನಿರ್ಣಯಗಳಿಗೆ ಅರ್ಧಕ್ಕಿಂತ ಹೆಚ್ಚು ಮತ, ವಿಶೇಷ ನಿರ್ಣಯಗಳಿಗೆ ಮುಕ್ಕಾಲು ಮತ ಸಾಕು. ನಿಜವಾಗಿ ಹೋಗುವುದು ಬೇರೆ. ಮೌನವಾಗಿರುವ ಹಕ್ಕು ಹೋಗುತ್ತದೆ. ಕಾರ್ಖಾನೆಯ ಕಟ್ಟಡವು ಯಜಮಾನನ ಹೆಂಡತಿಯ ಹೆಸರಿನಲ್ಲಿದ್ದು ಕಂಪೆನಿಯು ಅದಕ್ಕೆ ಬಾಡಿಗೆ ಕೊಡುತ್ತಿದ್ದರೆ, ಆ ಬಾಡಿಗೆ ಎಷ್ಟೆಂಬುದನ್ನು ಅಪರಿಚಿತರು ಓದುತ್ತಾರೆ. ತಮ್ಮನ ಸಂಬಳ, ಭಾವಮೈದುನನಿಂದ ಕೊಂಡ ಸರಕು, ಯಾವ ಗಿರಾಕಿಯನ್ನು ಎಷ್ಟರ ಮಟ್ಟಿಗೆ ನೆಚ್ಚಿಕೊಂಡಿದ್ದೇವೆಂಬ ಸಂಗತಿ, ನ್ಯಾಯಾಲಯದಲ್ಲಿರುವ ವ್ಯಾಜ್ಯ, ಇವೆಲ್ಲವೂ ಅಚ್ಚಾಗುತ್ತವೆ. ಎದುರಾಳಿ ಕಂಪೆನಿಯವನೂ ಅದನ್ನೇ ಓದುತ್ತಾನೆ. ನಮ್ಮ ಮನೆತನದ ಕಂಪೆನಿಗಳಲ್ಲಿ ಅಡಿಗೆಮನೆಯ ಲೆಕ್ಕವೂ ಕಾರ್ಖಾನೆಯ ಲೆಕ್ಕವೂ ಒಂದೇ ಪೆಟ್ಟಿಗೆಯಲ್ಲಿರುವುದು ಅಪರೂಪವಲ್ಲ. ಅದನ್ನು ಅಪರಾಧವೆಂದು ನಾವು ಹೇಳುವುದಿಲ್ಲ. ಪರರ ಹಣವು ಪೆಟ್ಟಿಗೆಗೆ ಬಿದ್ದ ದಿನದಿಂದ ಮಾತ್ರ ಅದು ಅಪರಾಧಕ್ಕೆ ಸಮೀಪವಾಗುತ್ತದೆ.

ಪಟ್ಟಿಗೆ ಸೇರಿದ ದಿನ ಷೇರುಪೇಟೆಯಲ್ಲಿ ಗಂಟೆ ಬಾರಿಸಿ ಛಾಯಾಚಿತ್ರ ತೆಗೆಸಿಕೊಳ್ಳುವ ಒಂದು ಪದ್ಧತಿಯುಂಟು. ದೇವಸ್ಥಾನದಲ್ಲಿ ಗಂಟೆ ಬಾರಿಸಿ ಮನೆಗೆ ಬರಬಹುದು. ಈ ಗಂಟೆಯನ್ನು ಬಾರಿಸಿದವನ ಹಿಂದೆ ದೇವರೇ ಮನೆಯವರೆಗೂ ಬಂದು ಲೆಕ್ಕ ಕೇಳುತ್ತಾನೆ. ದೊಡ್ಡ ಪಟ್ಟಿಯ ಕಂಪೆನಿಯು ಮೂರು ಮೂರು ತಿಂಗಳಿಗೊಮ್ಮೆ ಫಲಿತಾಂಶವನ್ನು ಪ್ರಕಟಿಸಬೇಕು. ಲಾಭ ತಗ್ಗಿದರೆ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ಕಾಗದಗಳು ಬರುತ್ತವೆ. ಐದು ವರ್ಷದ ಮೇಲೆ ಫಲ ಕೊಡುವ ಪ್ರಯೋಗವನ್ನು ಕೈಬಿಟ್ಟು ಮುಂದಿನ ಫಲಿತಾಂಶದ ಕಡೆಗೇ ನೋಡುವ ಚಪಲವು ಯಜಮಾನನಲ್ಲಿ ಹುಟ್ಟುವುದು ಸ್ವಾಭಾವಿಕ.

ಹಾಗಾದರೆ ಹೊರಗಿನವರ ಕಣ್ಣು ಯಾವಾಗಲೂ ಕೆಡಕೇ? ಅಲ್ಲ. ವಿಪ್ರೋ ಎಂದು ಈಗ ಹೆಸರಾದ ಕಂಪೆನಿಯು 1945ರಲ್ಲಿ ಖಾನದೇಶದ ಅಮಳನೇರಿನಲ್ಲಿ ಎಣ್ಣೆಯ ಗಿರಣಿಯಾಗಿ ಹುಟ್ಟಿ, ಮರುವರ್ಷವೇ ಸಾರ್ವಜನಿಕವಾಯಿತು. 1966ರಲ್ಲಿ ತಂದೆಯು ತೀರಿಕೊಂಡಾಗ 21 ವರ್ಷದ ಅಜೀಂ ಪ್ರೇಮ್‌ಜಿಯವರು ಅಮೆರಿಕದ ಓದನ್ನು ನಿಲ್ಲಿಸಿ ಬಂದು ಆಡಳಿತವನ್ನು ಕೈಗೆ ತೆಗೆದುಕೊಂಡರು. ವಾರ್ಷಿಕ ಸಭೆಯಲ್ಲಿ ಒಬ್ಬ ಷೇರುದಾರನು ಎದ್ದು, ಕಂಪೆನಿಯನ್ನು ಅನುಭವಸ್ಥರಿಗೆ ಮಾರಿಬಿಡುವುದು ಲೇಸೆಂದು ಆ ತರುಣನಿಗೆ ಮುಖದ ಮೇಲೆಯೇ ಹೇಳಿದನೆಂಬುದು ಪ್ರಸಿದ್ಧವಾದ ಮಾತು. ಖಾಸಗಿ ಕಂಪೆನಿಯಲ್ಲಿ ಯಜಮಾನನ ಮಗನಿಗೆ ಹಾಗೆ ಹೇಳುವವರು ಯಾರು? ಅಮಳನೇರಿನಲ್ಲಿ ಅಂದು ಷೇರು ಕೊಂಡು ಮಾರದೆ ಇಟ್ಟುಕೊಂಡ ಸಾಮಾನ್ಯ ಮನೆಗಳವರು ಮುಂದೆ ಶ್ರೀಮಂತರಾದರು.

ಮಾರಬೇಕೆಂದಾಗ ಕೊಳ್ಳುವವನು ಸಿಕ್ಕಬೇಕೆಂಬುದು ಇನ್ನೊಂದು ತೊಡಕು. ಸಣ್ಣ ಕಂಪೆನಿಗಳಲ್ಲಿ ಇದು ಎಲ್ಲಕ್ಕಿಂತ ಕಠಿನವಾದದ್ದು. ಬೆಂಗಳೂರಿಗೆ ತನ್ನದೇ ಆದ ಷೇರುಪೇಟೆಯಿತ್ತು. 1957ರಲ್ಲಿ ಸ್ಥಾಪಿತವಾಗಿ 1963ರಲ್ಲಿ ಸರ್ಕಾರದ ಮನ್ನಣೆಯನ್ನು ಪಡೆದು, 2014ರ ಡಿಸೆಂಬರಿನಲ್ಲಿ ಮುಚ್ಚಿತು. ಮಂಗಳೂರಿನ ಪೇಟೆಯು ಅದಕ್ಕೂ ಮುಂಚೆ, 2004ರಲ್ಲಿ, ಮನ್ನಣೆಯನ್ನು ಕಳೆದುಕೊಂಡಿತ್ತು. ಊರಿನ ಪೇಟೆಯೊಂದರಲ್ಲಿ ಮಾತ್ರ ಪಟ್ಟಿಯಾಗಿದ್ದ ಕಂಪೆನಿಗಳ ಷೇರುದಾರರ ಕೈಯಲ್ಲಿ ಷೇರುಪತ್ರವಿತ್ತು, ಪೇಟೆಯಿರಲಿಲ್ಲ. ಇದರ ಪರಿಹಾರಕ್ಕಾಗಿಯೇ ಈಗಿನ ಸಣ್ಣ ಕಂಪೆನಿಗಳ ವಿಭಾಗದಲ್ಲಿ, ಷೇರಿಗೆ ಕೊಳ್ಳುವ ಬೆಲೆಯನ್ನೂ ಮಾರುವ ಬೆಲೆಯನ್ನೂ ಸದಾ ಹೇಳುತ್ತಿರತಕ್ಕ ಒಬ್ಬ ವ್ಯಾಪಾರಿಯನ್ನು ಮೂರು ವರ್ಷಗಳ ಮಟ್ಟಿಗೆ ಕಡ್ಡಾಯವಾಗಿ ನೇಮಿಸುತ್ತಾರೆ. ಮೂರು ವರ್ಷ ಮುಗಿದ ಮೇಲೆ ಷೇರು ತನ್ನ ಕಾಲ ಮೇಲೆ ನಿಲ್ಲಬೇಕು.

ಇದರ ನಡುವೆ ಜನರ ಉತ್ಸಾಹವೋ ಹದ ತಪ್ಪಿತು. 2024ರ ಆಗಸ್ಟಿನಲ್ಲಿ ದೆಹಲಿಯ ಕಡೆಯ ಒಂದು ಕಂಪೆನಿ, ಎರಡು ಮಳಿಗೆಗಳಲ್ಲಿ ಮೋಟಾರು ಸೈಕಲ್ಲುಗಳನ್ನು ಮಾರತಕ್ಕದ್ದು, ಎಂಟೇ ಮಂದಿ ನೌಕರರುಳ್ಳದ್ದು, 12 ಕೋಟಿ ರೂಪಾಯಿಗಳಿಗೆ ಷೇರು ಮಾರಲು ಬಂದಿತು. ಜನರು ಸುಮಾರು 4,800 ಕೋಟಿಗೆ ಅರ್ಜಿ ಹಾಕಿದರು. ಆ ಕಂಪೆನಿಯಲ್ಲಿ ದೋಷವಿತ್ತೆಂದು ನಾವು ಹೇಳುತ್ತಿಲ್ಲ. ಅಷ್ಟು ಜನ ಅದರ ವಿವರಣಪತ್ರವನ್ನು ಓದಿ ಅರ್ಜಿ ಹಾಕಿದರೆಂದು ನಂಬುವುದು ಕಷ್ಟ. ಅದೇ ವರ್ಷದ ಡಿಸೆಂಬರಿನಲ್ಲಿ, ಷೇರುಪೇಟೆಯ ನಿಯಂತ್ರಣ ಮಂಡಲಿಯಾದ ಸೆಬಿಯು ಮತ್ತೊಂದು ಸಣ್ಣ ಕಂಪೆನಿಯ ಸುಮಾರು 45 ಕೋಟಿಯ ಷೇರು ಮಾರಾಟವನ್ನೇ ರದ್ದುಮಾಡಿ ಹಣವನ್ನು ಹಿಂದಿರುಗಿಸುವಂತೆ ಆಜ್ಞೆಮಾಡಿತು.

2025ರ ಹೊಸ ನಿಯಮಗಳು ಈ ಅನುಭವದ ಫಲ. ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ ವ್ಯವಹಾರದಿಂದ 1 ಕೋಟಿ ರೂಪಾಯಿ ಲಾಭ ಬಂದಿರಬೇಕು. ಸ್ಥಾಪಕರಿಂದ ಕಂಪೆನಿಯು ಪಡೆದ ಸಾಲವನ್ನು ಜನರ ಹಣದಿಂದ ತೀರಿಸಕೂಡದು. ಹಳೆಯ ಷೇರುದಾರರು ತಮ್ಮ ಸ್ವಂತ ಷೇರುಗಳನ್ನು ಮಾರಿಕೊಳ್ಳುವುದು ಒಟ್ಟು ಮಾರಾಟದ ನೂರಕ್ಕೆ 20ನ್ನು ಮೀರಕೂಡದು. ಈ ಕೊನೆಯ ನಿಯಮದ ಮರ್ಮವನ್ನು ಕೊಳ್ಳುವವರು ಗಮನಿಸಬೇಕು: ಹೊಸ ಷೇರಿನ ಹಣ ಕಂಪೆನಿಗೆ ಸೇರಿ ಯಂತ್ರವಾಗುತ್ತದೆ, ಹಳೆಯ ಷೇರಿನ ಹಣ ಮಾರಿದವನ ಜೇಬಿಗೆ ಸೇರುತ್ತದೆ. ಎರಡನ್ನೂ ಒಂದೇ ಜಾಹೀರಾತಿನಲ್ಲಿ ಒಂದೇ ಮೊತ್ತವಾಗಿ ಹೇಳುವುದರಿಂದ ಸಾಮಾನ್ಯರಿಗೆ ಭೇದ ಕಾಣುವುದಿಲ್ಲ.

ನಮ್ಮನ್ನು ಕೇಳಿದರೆ, ಹೆಚ್ಚಿನ ಸಣ್ಣ ಕಂಪೆನಿಗಳಿಗೆ ಉತ್ತರವು “ಈಗಲ್ಲ” ಎಂಬುದೇ. ಹೆಸರಿಗಾಗಿ ಹೋಗುವುದು, ನೆರೆಯ ಕಾರ್ಖಾನೆಯವನು ಹೋದನೆಂದು ಹೋಗುವುದು, ಪೇಟೆಯ ಬೆಲೆ ಏರಿರುವಾಗಲೇ ಮಾರಿಕೊಳ್ಳೋಣವೆಂದು ಹೋಗುವುದು, ಈ ಮೂರೂ ಸಲ್ಲವು. ನಿಜವಾಗಿ ಅಗತ್ಯವಿದ್ದವನು, ಎರಡು ವರ್ಷ ಮುಂಚಿತವಾಗಿಯೇ ತನ್ನ ಕಂಪೆನಿಯು ಸಾರ್ವಜನಿಕವಾಗಿದೆಯೆಂದು ಭಾವಿಸಿ ನಡೆಸಿ ನೋಡಲಿ. ಮನೆಯ ಲೆಕ್ಕವನ್ನೂ ಕಂಪೆನಿಯ ಲೆಕ್ಕವನ್ನೂ ಬೇರ್ಪಡಿಸಲಿ; ನಂಟನಲ್ಲದ, ಸ್ನೇಹಿತನೂ ಅಲ್ಲದ ಒಬ್ಬನನ್ನು ಡೈರೆಕ್ಟರನನ್ನಾಗಿ ಕೂರಿಸಿಕೊಂಡು ಅವನ ಪ್ರಶ್ನೆಗಳಿಗೆ ಲಿಖಿತವಾಗಿ ಉತ್ತರ ಕೊಡಲಿ; ಮೂರು ತಿಂಗಳಿಗೊಮ್ಮೆ ಫಲಿತಾಂಶವನ್ನು ತಿದ್ದದೆ ಬರೆದು ತನ್ನ ಕೆಲಸಗಾರರಿಗೆ ಓದಿ ಹೇಳಲಿ. ಈ ಎರಡು ವರ್ಷಗಳಲ್ಲಿ ಬ್ಯಾಂಕಿನವರಿಗೂ ಅದೇ ಲೆಕ್ಕವನ್ನು ತೋರಿಸಿದಲ್ಲಿ, ಹಿಂದೆ ಕೊಡದಿದ್ದ ಸಾಲವನ್ನು ಅವರು ಕೊಡುವುದೂ ಸಾಧ್ಯ. ಆಗ ಷೇರು ಮಾರುವ ಪ್ರಶ್ನೆಯೇ ಬಾರದೆ ಹೋದೀತು.