ಬೀದಿಯ ಅಳತೆ

ತಿಪಟೂರಿನ ಬಿ.ಹೆಚ್. ರಸ್ತೆಯ ಬದಿಯಲ್ಲಿ ಬೆಳಗಿನ ಹೊತ್ತು ಸ್ವಲ್ಪ ಕಾಲ ನಿಂತರೆ ತೆಂಗಿನ ಸೀಮೆಯ ಬದುಕೆಲ್ಲ ಕಣ್ಣ ಮುಂದೆ ಹಾದುಹೋಗುತ್ತದೆ. ಕೊಬ್ಬರಿಯ ಚೀಲಗಳನ್ನು ಹೇರಿಕೊಂಡು ಮಾರುಕಟ್ಟೆಯತ್ತ ಸಾಗುವ ಟ್ರ್ಯಾಕ್ಟರು, ತೆಂಗಿನ ನಾರು ತುಂಬಿದ ಲಾರಿ, ತುರುವೇಕೆರೆಯಿಂದಲೋ ಚಿಕ್ಕನಾಯಕನಹಳ್ಳಿಯಿಂದಲೋ ಬಂದ ಬಸ್ಸು, ಆಟೋರಿಕ್ಷಾ, ಇವುಗಳ ನಡುವೆ ಪುಸ್ತಕದ ಚೀಲ ಹೊತ್ತು ಬೈಸಿಕಲ್ ತುಳಿಯುವ ಹುಡುಗಿ, ಅವಳ ಪಕ್ಕದಲ್ಲಿಯೇ ಊರುಗೋಲು ಹಿಡಿದು ಹೊರಟ ಮುದುಕ. ಬೆಂಗಳೂರಿನ ಕಡೆಯಿಂದ ತುಮಕೂರು, ಅರಸೀಕೆರೆ, ಶಿವಮೊಗ್ಗಗಳ ಮೂಲಕ ಹೊನ್ನಾವರಕ್ಕೆ ಹೋಗುವ ದಾರಿಯಾದುದರಿಂದ ಈ ರಸ್ತೆಗೆ ಎರಡು ಕೊನೆಗಳ ಊರುಗಳ ಮೊದಲಕ್ಷರಗಳೇ ಹೆಸರಾಗಿವೆ. ದೂರದ ಪ್ರಯಾಣಿಕನಿಗೆ ಇದು ಹೆದ್ದಾರಿ, ತಿಪಟೂರಿನವನಿಗೆ ಬೀದಿ. ಒಂದೇ ನೆಲವು ಈ ಎರಡು ಕೆಲಸಗಳನ್ನೂ ಮಾಡಬೇಕಾಗಿ ಬಂದಾಗ ತೊಡಕು ಹುಟ್ಟುತ್ತದೆ.

ತೊಡಕಿನ ಮೂಲ ವೇಗದಲ್ಲಿದೆ. ಗಂಟೆಗೆ 36 ಕಿಲೋಮೀಟರ್ ವೇಗದ ವಾಹನವು ಸೆಕೆಂಡಿಗೆ 10 ಮೀಟರ್ ಚಲಿಸುತ್ತದೆ. ಮಗುವೊಂದು ಅಡ್ಡ ಬಂದುದನ್ನು ಕಂಡು ಚಾಲಕನು ಬ್ರೇಕನ್ನು ಒತ್ತುವುದಕ್ಕೆ ಒಂದು ಸೆಕೆಂಡು ಹಿಡಿಯಿತೆನ್ನೋಣ. ಅಷ್ಟರಲ್ಲಿ 10 ಮೀಟರ್ ಕಳೆದುಹೋಯಿತು. ಬ್ರೇಕು ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ವೇಗವನ್ನು ತಗ್ಗಿಸುವುದೆಂದು ಇಟ್ಟುಕೊಂಡರೆ ವಾಹನವು ಇನ್ನೂ 10 ಮೀಟರ್ ಸಾಗಿ ನಿಲ್ಲುತ್ತದೆ. ಒಟ್ಟು 20 ಮೀಟರ್. ವೇಗವು ಇದರ ಎರಡರಷ್ಟು, ಅಂದರೆ ಗಂಟೆಗೆ 72 ಕಿಲೋಮೀಟರ್ ಆಗಿದ್ದರೆ, ಬ್ರೇಕನ್ನು ಒತ್ತುವ ಮುನ್ನವೇ 20 ಮೀಟರ್, ಒತ್ತಿದ ಮೇಲೆ 40 ಮೀಟರ್, ಒಟ್ಟು 60 ಮೀಟರ್ ಬೇಕು. ಮಗುವು ಇಪ್ಪತ್ತು ಮೀಟರ್ ದೂರದಲ್ಲಿ ಕಾಣಿಸಿಕೊಂಡಿತೆಂದು ಭಾವಿಸಿರಿ. ಮೊದಲನೆಯ ವಾಹನವು ಅದರ ಬಳಿ ಬಂದು ನಿಲ್ಲುತ್ತದೆ. ಎರಡನೆಯದು ಅಲ್ಲಿಗೆ ಬಂದಾಗ ಅದರ ವೇಗ ಒಂದಿಷ್ಟೂ ಕುಗ್ಗಿರುವುದಿಲ್ಲ. ಇಬ್ಬರು ಚಾಲಕರೂ ಸಮಾನವಾಗಿ ಎಚ್ಚರದಿಂದಿದ್ದವರೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಹಾಗಾದರೆ ವೇಗವನ್ನು ತಗ್ಗಿಸುವುದು ಹೇಗೆ? 'ನಿಧಾನವಾಗಿ ಚಲಿಸಿ' ಎಂಬ ಫಲಕವನ್ನು ನೆಟ್ಟರಾಯಿತೆಂದು ಹಲವರು ತಿಳಿದಿದ್ದಾರೆ. ಆದರೆ ಚಾಲಕನು ಫಲಕವನ್ನು ಓದುವುದಕ್ಕಿಂತ ಹೆಚ್ಚಾಗಿ ರಸ್ತೆಯನ್ನೇ ಓದುತ್ತಾನೆ. ಅಗಲವಾಗಿ, ನೇರವಾಗಿ, ನುಣುಪಾಗಿ ಚಾಚಿಕೊಂಡ ರಸ್ತೆಯು ಅವನನ್ನು ಓಡು ಎನ್ನುತ್ತದೆ. ಕಿರಿದಾದ, ತಿರುವುಳ್ಳ, ಬದಿಯಲ್ಲಿ ಮರಗಳುಳ್ಳ ಬೀದಿಯು ತಡೆದು ನಡೆ ಎನ್ನುತ್ತದೆ. ನಮ್ಮ ದೇವಸ್ಥಾನಗಳ ರಥಬೀದಿಗಳನ್ನು ನೋಡಿರಿ. ಅವು ಅಗಲವಾಗಿದ್ದರೂ ಅಲ್ಲಿ ಪಾದಚಾರಿಗಳಿಗೆಂದು ಬೇರೆ ದಾರಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ತೇರೂ ಗಾಡಿಯೂ ಮನುಷ್ಯನ ನಡಿಗೆಯ ವೇಗದಲ್ಲೇ ಸಾಗುತ್ತಿದ್ದವು. ಜಗಲಿಯ ಮೇಲೆ ಕುಳಿತವರು ಬೀದಿಯಲ್ಲಾಡುವ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು.

ಇದೇ ತತ್ವವನ್ನು ನೆದರ್ಲೆಂಡ್ಸ್ ದೇಶದವರು ಮೋಟಾರು ಯುಗದಲ್ಲಿ ಮತ್ತೆ ಕಂಡುಕೊಂಡರು. ಡೆಲ್ಫ್ಟ್ ನಗರದ ವಸತಿ ಬೀದಿಗಳಲ್ಲಿ ನಡುವೆ ಗಿಡಗಳನ್ನೂ ಆಸನಗಳನ್ನೂ ಇರಿಸಿ, ದಾರಿಯನ್ನು ಅಂಕುಡೊಂಕಾಗಿ ಮಾಡಿ, ಕಾರುಗಳು ನಡಿಗೆಯ ವೇಗವನ್ನು ಮೀರದಂತೆ ಮಾಡಲಾಯಿತು. 'ವೂನೆರ್ಫ್', ಅಂದರೆ ವಾಸದ ಅಂಗಳ, ಎಂಬುದು ಇಂತಹ ಬೀದಿಯ ಹೆಸರು. 1976ರಲ್ಲಿ ಇದಕ್ಕೆ ಕಾನೂನಿನ ಮನ್ನಣೆ ದೊರೆಯಿತು. ಅಲ್ಲಿ ಮಕ್ಕಳು ಆಡಬಹುದು. ಕಾರು ಅತಿಥಿಯಂತೆ ಬರಬೇಕು.

ಆದರೆ ಬಿ.ಹೆಚ್. ರಸ್ತೆಯಂತಹ ದಾರಿಯನ್ನು ಅಂಗಳವನ್ನಾಗಿ ಮಾಡಲಾಗದು. ವೇಗಗಳು ಸಮನಾಗಿದ್ದರೆ ಎಲ್ಲರೂ ಬೆರೆತು ನಡೆಯಬಹುದು. ಅಂತರ ಹೆಚ್ಚಿದಲ್ಲಿ ಬೇರ್ಪಡಿಸಲೇಬೇಕು. ಪಾದಚಾರಿ ಮಾರ್ಗವು ಕನಿಷ್ಠ 1.8 ಮೀಟರ್ ಅಗಲವಾಗಿ ತೆರವಾಗಿರಬೇಕೆಂದೂ ಅದರ ಅಂಚುಕಲ್ಲು 150 ಮಿಲಿಮೀಟರಿಗಿಂತ ಎತ್ತರವಿರಬಾರದೆಂದೂ ಭಾರತೀಯ ರಸ್ತೆ ಕಾಂಗ್ರೆಸ್ಸು 2012ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ನಮ್ಮ ಊರುಗಳಲ್ಲಿ ಚರಂಡಿಯ ಮೇಲಿನ ಚಪ್ಪಡಿಗಳೇ ಪಾದಚಾರಿ ಮಾರ್ಗ. ಒಂದೆಡೆ ಚಪ್ಪಡಿ ಒಡೆದಿರುತ್ತದೆ, ಇನ್ನೊಂದೆಡೆ ಅಂಗಡಿಯ ಸಾಮಾನು, ಮತ್ತೊಂದೆಡೆ ವಿದ್ಯುತ್ ಕಂಬ. ಜನರಿಗೆ ರಸ್ತೆಯಲ್ಲಿ ನಡೆಯುವ ಶಿಸ್ತಿಲ್ಲವೆಂದು ದೂರುವವರು ಒಮ್ಮೆ ಆ ಚಪ್ಪಡಿಗಳ ಮೇಲೆ ನಡೆದು ನೋಡಬೇಕು! ಬೈಸಿಕಲ್ಲಿನ ಸ್ಥಿತಿಯೂ ಇಷ್ಟೇ. ನಮ್ಮ ಸರ್ಕಾರವು 2006–07ರಿಂದ ಹಲವು ವರ್ಷಗಳ ಕಾಲ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಉಚಿತವಾಗಿ ನೀಡಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಪ್ರೌಢಶಾಲೆ ಸೇರಲು ಅದು ನೆರವಾಯಿತು. ಬೈಸಿಕಲ್ ಬಂದಿತು, ಅದು ಸಾಗುವುದಕ್ಕೆ ರಸ್ತೆಯಲ್ಲಿ ಸ್ಥಳ ಮಾತ್ರ ಬರಲಿಲ್ಲ.

ಸ್ಥಳ ಎಲ್ಲಿಂದ ತರುವುದೆಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಒಂದು ಉತ್ತರ ದೊರೆತಿದೆ. 'ಟೆಂಡರ್ ಶ್ಯೂರ್' ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮೊದಲಾದವನ್ನು ಹೊಸದಾಗಿ ರೂಪಿಸಿದಾಗ ವಾಹನಗಳ ದಾರಿಯನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದರು. ಒಂದೆಡೆ ಅಗಲ, ಇನ್ನೊಂದೆಡೆ ಇಕ್ಕಟ್ಟು ಇರುವ ರಸ್ತೆಯಲ್ಲಿ ಇಕ್ಕಟ್ಟಾದ ಸ್ಥಳವೇ ಸಂಚಾರದ ಪ್ರಮಾಣವನ್ನು ನಿರ್ಧರಿಸುತ್ತದೆ. ಮಿಕ್ಕೆಡೆಯ ಹೆಚ್ಚಿನ ಅಗಲವು ವ್ಯರ್ಥ. ಆ ವ್ಯರ್ಥವಾದ ನೆಲವೇ ನಡೆಯುವವರ ಪಾಲಿಗೆ ಬಂದಿತು. ನೀರಿನ ಕೊಳವೆ, ತಂತಿಗಳು ನೆಲದಡಿ ಸೇರಿದುದರಿಂದ ಪದೇ ಪದೇ ರಸ್ತೆ ಅಗೆಯುವ ಅಗತ್ಯವೂ ಕಡಿಮೆಯಾಯಿತು.

ವ್ಯಾಪಾರಿಗಳ ಆತಂಕವನ್ನು ಅಲ್ಲಗಳೆಯುವಂತಿಲ್ಲ. ಕೊಬ್ಬರಿಯ ಚೀಲವನ್ನು ಮಂಡಿಯ ಬಾಗಿಲಲ್ಲೇ ಇಳಿಸಬೇಕು. ಅದಕ್ಕೆ ಗೊತ್ತಾದ ಸ್ಥಳವನ್ನೂ ಹೊತ್ತನ್ನೂ ನಿಗದಿಪಡಿಸಿದರೆ ಲಾರಿಯು ದಿನವಿಡೀ ಬೀದಿಯನ್ನು ಆಕ್ರಮಿಸಬೇಕಾಗಿಲ್ಲ. ಹೆದ್ದಾರಿಯನ್ನು ಊರ ಹೊರಗಿನಿಂದ ಕೊಂಡೊಯ್ದರೆ ಎಲ್ಲವೂ ಸರಿಹೋಗುವುದೆಂಬುದೂ ಪೂರ್ಣ ಸತ್ಯವಲ್ಲ. ಲಾರಿಗಳು ತೊಲಗಿದ ಅಗಲವಾದ ಹಳೆಯ ರಸ್ತೆಯನ್ನು ಹಾಗೆಯೇ ಬಿಟ್ಟರೆ ಉಳಿದ ವಾಹನಗಳು ಮೊದಲಿಗಿಂತ ವೇಗವಾಗಿ ಓಡುತ್ತವೆ.

ನಿಮ್ಮ ಶಾಲೆಯ ಮುಂದಿನ ರಸ್ತೆಯನ್ನು ನೀವೇ ಅಳೆದು ನೋಡಬಹುದು. ಅದು ಹತ್ತು ಮೀಟರ್ ಅಗಲವಿದ್ದು, ನಿಮ್ಮ ಅಜ್ಜಿಯು ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ ದಾಟಲು ಹತ್ತು ಸೆಕೆಂಡು ಬೇಕು. ಅಷ್ಟರಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದ ವಾಹನವು ನೂರು ಮೀಟರ್ ದೂರದಿಂದ ಅವರ ಬಳಿಗೆ ಬಂದಿರುತ್ತದೆ. ರಸ್ತೆಯ ನಡುವೆ ನಿಲ್ಲಲು ಒಂದು ಕಟ್ಟೆಯಿದ್ದರೆ ಅವರು ಒಮ್ಮೆಗೆ ಒಂದು ಕಡೆಯ ವಾಹನಗಳನ್ನು ಮಾತ್ರ ನೋಡಿಕೊಂಡು, ಐದು ಸೆಕೆಂಡು ನಡೆದು, ನಿಂತು, ಉಳಿದರ್ಧವನ್ನು ದಾಟಬಹುದು.